ಕಲ್ಲು ತೊಳೆದು ಅಳೆಯುತ್ತಿದ್ದವರು

ಮುಧೋಳದ ಆ ಮನೆಯ ಮುಂದೆ ಚಪ್ಪಲಿಗಳ ರಾಶಿ ಕಂಡ ಮೇಲೆಯೇ ಕಾಕಾ ಹೋದದ್ದು ಖರೆ ಎಂದು ನನಗೆ ಅನ್ನಿಸಿದ್ದು. ಬೆಳಿಗ್ಗೆ ಅವರ ಮಗಳು ಫೋನಿನಲ್ಲಿ ಅಳುತ್ತ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಿದ್ದೆ. ಜಮಖಂಡಿಯಲ್ಲಿ ಬಸ್ಸು ಹತ್ತಿ, ಟಿಕೆಟ್ ತೆಗೆಸಿ, ಕಿಟಕಿಯ ಪಕ್ಕ ಕೂತಿದ್ದೆ. ಆದರೂ ನಂಬಿರಲಿಲ್ಲ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಾಗ, ‘ಬರೂದು ತಡ ಆಗತೈತ್ರಿ’ ಎಂದು ಕಾಕಾಗೇ ಹೇಳೋಣವೆಂದು ಮೊಬೈಲು ಕೈಗೆ ತೆಗೆದುಕೊಂಡವಳು ನಾನು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರೇ ಕಲಿಸಿದ ಕ್ರಮ. ನಕಾಶೆ ಮಾಡುವಾಗ ನಾನು ಊರಿನ ಹೆಸರು, ಹಳ್ಳದ ಹೆಸರು ಎಲ್ಲವನ್ನೂ ಮೊದಲೇ ಚೆಂದವಾಗಿ ಬರೆದುಬಿಟ್ಟರೆ ಅವರು ಹಣೆ ಬಡಿದುಕೊಳ್ಳುತ್ತಿದ್ದರು. “ಮೊದಲ ಕಲ್ಲು, ಆಮ್ಯಾಲ ಗೆರಿ, ಹೆಸರು ಕಟ್ಟಕಡೀಕ. ಹೆಸರು ಕಂಡ ಕೂಡ್ಲೆ ನಕಾಶಿ ಮುಗೀತು ಅಂತ ತಿಳ್ಕೊಂತಾರ ಮಂದಿ” ಎನ್ನುತ್ತಿದ್ದರು. ಹಾಗಾಗಿ ಅವರ ಹೆಸರು ಹಾಗೇ ಇರಲಿ. ಕಚೇರಿಯಲ್ಲಿ ನಾವೆಲ್ಲ ಕರೆಯುತ್ತಿದ್ದಂತೆ ಕಾಕಾ ಎಂದರೆ ಸಾಕು.

ನಾನು ಬನಹಟ್ಟಿಯವಳು. ಮನೆಯಲ್ಲಿ ಎರಡು ಮಗ್ಗಗಳ ಸಪ್ಪಳದ ನಡುವೆ ಓದಿದ್ದರಿಂದ ಜೋರಾಗಿ ಮಾತಾಡುವ ಚಟ, ಯಾರ ಮಾತನ್ನೂ ಪೂರ್ತಿ ಕೇಳದ ಚಟ ಎರಡೂ ಅಂಟಿದ್ದವು. ಕಂಪ್ಯೂಟರಿನಲ್ಲಿ ನಕಾಶೆ ಮಾಡುವುದನ್ನು ಕಲಿತು, ಜಮಖಂಡಿಯಲ್ಲಿ ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲಿದ್ದ ಎರಡು ಕೋಣೆಯ, ಹೊಲ ಅಳೆಯುವ ಖಾಸಗಿ ಮೋಜಣಿ ಕಚೇರಿಗೆ ಸೇರಿದೆ. ಕಾಕಾ ಸರಕಾರಿ ಮೋಜಣಿದಾರರಾಗಿ ನಿವೃತ್ತರಾದ ಮೇಲೆ ಅಲ್ಲಿಗೆ ಬಂದವರು. ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊಲ ಅಳೆದ ಕಾಲದವರು. ಕಾಲಿಗೆ ಕ್ಯಾನ್ವಾಸ್ ಬೂಟು, ಕಿಸೆಯಲ್ಲಿ ಇಂಕು ಸೋರುವ ಪೆನ್ನು, ಮಳೆ ಇರಲಿ ಬಿಡಲಿ ಕಂಕುಳಲ್ಲಿ ಕೊಡೆ. ಮೊದಲ ದಿನ ಅವರನ್ನು ನೋಡಿ ‘ಈ ಮುದುಕಪ್ಪಗ ಕಂಪ್ಯೂಟರ್ ಹಚ್ಚಿ ಕೊಡೂದ ಒಂದು ಕೆಲಸ ಆತು ನಂಗ’ ಅಂದುಕೊಂಡಿದ್ದೆ.

ಮಧ್ಯಾಹ್ನ ನನ್ನ ಜಾಣತನ ತೋರಿಸಲೆಂದು ಪರದೆಯ ಮೇಲೆ ಒಂದು ಗಡಿಕಲ್ಲಿನ ಅಂಕಿಗಳನ್ನು ಓದಿ ಹೇಳಿದೆ. ಅವರು ಶೇಂಗಾ ಸುಲಿಯುತ್ತ ಕೇಳಿದರು, “ಯಾವುದರ ಲೆಕ್ಕದಾಗ?”

“ಅಂದ್ರರಿ?”

“ಮುಧೋಳ ಎಷ್ಟ ದೂರ ಅಂತ ನಾ ಕೇಳಿದ್ರ ನೀ ಏನಂತಿ?”

“ಎಲ್ಲಿಂದ್ರಿ?”

“ಹಾಂ. ಲೋಕಾಪುರದಿಂದ ಒಂದು ಅಂಕಿ, ಬೀಳಗಿಯಿಂದ ಒಂದು ಅಂಕಿ. ಮುಧೋಳ ಮಾತ್ರ ಇದ್ದಲ್ಲೇ ಇರತೈತಿ. ಬರೇ ಅಂಕಿ ಹೇಳಿದ್ರ ಎಲ್ಲಿಂದ ಅಂತ ಕೇಳಬೇಕೋ ಬ್ಯಾಡೋ?”

ಅವರ ಪ್ರಶ್ನೆಯ ಹಿಂದಿದ್ದ ವಿಷಯ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ. ಭೂಮಿ ಸರಿಯಾದ ಗುಂಡಲ್ಲ. ಅದರ ಆಕಾರವನ್ನು ಒಬ್ಬೊಬ್ಬರು ಒಂದೊಂದು ತರಹ ಊಹಿಸಿ ಅಕ್ಷಾಂಶ ರೇಖಾಂಶ ಲೆಕ್ಕ ಹಾಕಿದ್ದಾರೆ. ನಮ್ಮ ದೇಶದ ಹಳೆಯ ನಕಾಶೆಗಳು ಎವರೆಸ್ಟ್ ಎಂಬ ಲೆಕ್ಕದಲ್ಲಿವೆ. ಇವತ್ತಿನ ಮೊಬೈಲು, ಜಿಪಿಎಸ್ ಎಲ್ಲ ಉಪಗ್ರಹದ ಹೊಸ ಲೆಕ್ಕದಲ್ಲಿ. ಒಂದೇ ಕಲ್ಲಿಗೆ ಎರಡೂ ಲೆಕ್ಕದಲ್ಲಿ ಅಂಕಿ ಬೇರೆ. ಹಳೆಯ ಅಂಕಿಯನ್ನು ಹೊಸ ಲೆಕ್ಕದ್ದೆಂದು ತಿಳಿದು ನಕಾಶೆಯ ಮೇಲೆ ಇಟ್ಟರೆ ಕಲ್ಲು ನೂರು ಮೀಟರಿಗೂ ಹೆಚ್ಚು ಸರಿದುಬಿಡುತ್ತದೆ, ಅಂದರೆ ಇನ್ನೊಬ್ಬರ ಹೊಲಕ್ಕೆ ಹೋಗಿ ಕೂರುತ್ತದೆ. ನನಗೆ ಗೊತ್ತಿತ್ತು. ಆದರೆ ಕೇಳಿಕೊಳ್ಳುವ ರೂಢಿ ಇರಲಿಲ್ಲ.

ಕಾಕಾಗೆ ಅದು ಉಸಿರಾಟದ ಹಾಗೆ. ಚಹಾದಂಗಡಿಯಲ್ಲಿ ಯಾರೋ ‘ನಮ್ಮ ಅಜ್ಜಗ ನೂರಾ ಐದು ವರ್ಸ’ ಅಂದರೂ “ಯಾವುದರ ಲೆಕ್ಕದಾಗ?” ಎನ್ನುತ್ತಿದ್ದರು. ಕಾಕು, ಅಂದರೆ ಅವರ ಹೆಂಡತಿ, ಒಮ್ಮೆ ನನ್ನ ಮುಂದೆಯೇ ದೂರಿದ್ದರು: “ಪಲ್ಯಾಕ ಉಪ್ಪು ಜಾಸ್ತಿ ಆಗೈತೇನ್ರಿ ಅಂತ ಕೇಳಿದ್ರ ಇವರ ಬಾಯಾಗ ಅದ ಮಾತು ಬರತೈತಿ ನೋಡು.” ಕಾಕಾ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು.

ಹೊಲಕ್ಕೆ ಹೋದರೆ ಅವರದು ಇನ್ನೊಂದು ಕ್ರಮ. ಕೈಚೀಲದಲ್ಲಿ ನೀರಿನ ಬಾಟಲಿ ಇರುತ್ತಲೇ ಇರಲಿಲ್ಲ. ಗಡಿಕಲ್ಲಿನ ಹತ್ತಿರ ನಿಂತು ಹೊಲದವರ ಹತ್ತಿರ ಒಂದು ತಂಬಿಗೆ ನೀರು ಕೇಳುತ್ತಿದ್ದರು. ಕುಡಿಯಲಿಕ್ಕಲ್ಲ. ಕಲ್ಲಿನ ತಲೆಯ ಮೇಲೆ ಸುರಿದು, ಅಂಗೈಯಿಂದ ಮಣ್ಣು ಉಜ್ಜಿ ತೆಗೆಯುತ್ತಿದ್ದರು. ಉಳಿಯಿಂದ ಕೊರೆದ ಅಡ್ಡ ಉದ್ದ ಗೆರೆ ಮೆಲ್ಲಗೆ ಕಾಣಿಸುತ್ತಿತ್ತು. ಆಮೇಲೆಯೇ ಜಿಪಿಎಸ್ ಯಂತ್ರ ಹೊರಗೆ ತೆಗೆಯುವುದು. ಆ ನೀರನ್ನು ಯಾವಾಗಲೂ ಮನೆಯ ಹೆಣ್ಣುಮಕ್ಕಳ ಹತ್ತಿರವೇ ಕೇಳುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, “ಕಲ್ಲು ಎಲ್ಲೈತಿ ಅಂತ ಗಂಡಸರನ್ನ ಕೇಳಿದ್ರ ವಕೀಲರಂಗ ಮಾತಾಡ್ತಾರ. ಬುತ್ತಿ ಹೊತ್ತು ಬರೂ ಹೆಣ್ಮಗಳು ಅದಕ್ಕ ಹತ್ತು ಸಲ ಎಡವಿರತಾಳ. ಆಕಿಗೆ ಖರೆ ಗೊತ್ತಿರತೈತಿ” ಅಂದರು. ನೀರಿನ ತಂಬಿಗೆ ಹಿಡಿದು ಬಂದವಳು ನೆಟ್ಟಗೆ ಕಲ್ಲಿನ ಹತ್ತಿರವೇ ಬರುತ್ತಿದ್ದುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಕಂಪ್ಯೂಟರು ಅವರಿಗೆ ಬರುವುದಿಲ್ಲವೆಂದು ನಾನು ಅಂದುಕೊಂಡದ್ದು ಅರ್ಧ ನಿಜ. ಮೌಸು ಹಿಡಿದರೆ ಕೈ ನಡುಗುತ್ತಿತ್ತು, ಆದರೆ ಒಳಗೆ ಏನು ನಡೆದಿದೆ ಎಂಬುದನ್ನು ಕೇಳಿ ಕೇಳಿ ತಿಳಿದುಕೊಂಡರು. ಒಮ್ಮೆ ಬೇರೆ ಕಚೇರಿಯ ಹುಡುಗನೊಬ್ಬ ಹೊಲಗಳ ಶೇಪ್‌ಫೈಲ್ ಕಳಿಸಿದ್ದ. ಹೆಸರಿಗೆ ಅದು ಒಂದು ಕಡತ, ನಿಜವಾಗಿ ನಾಲ್ಕೈದು ಕಡತಗಳ ಗುಂಪು. ಒಂದರಲ್ಲಿ ಆಕಾರ, ಒಂದರಲ್ಲಿ ಹೊಲದ ನಂಬರು ಮತ್ತು ಮಾಲಕರ ಹೆಸರು, ಒಂದರಲ್ಲಿ ಈ ಅಂಕಿಗಳು ಯಾವ ಲೆಕ್ಕದವು ಎಂಬ ವಿವರ. ಅವನು ಆಕಾರದ್ದೊಂದನ್ನೇ ಕಳಿಸಿದ್ದ, ಅದು ತೆರೆಯಲೇ ಇಲ್ಲ. ನಾನು ಬೈಯುತ್ತ ವಿವರಿಸಿದಾಗ ಕಾಕಾ ಅವನಿಗೆ ತಾವೇ ಫೋನ್ ಹಚ್ಚಿದರು. “ತಮ್ಮಾ, ಇದು ಲಗ್ನದ ಆಮಂತ್ರಣ ಇದ್ದಂಗ. ಒಬ್ಬನ್ನ ಕಳಿಸಿದ್ರ ಆಗೂದಿಲ್ಲ, ಸಹಕುಟುಂಬ ಕಳಸು. ಅದರಾಗ ಊರು ಯಾವುದಂತ ಹೇಳೂ ಚೀಟಿ ಒಂದು ಐತಲ್ಲ, ಅದನ್ನ ಮಾತ್ರ ಮರೀಬ್ಯಾಡ.” ಅಂದಿನಿಂದ ನಮ್ಮ ಕಚೇರಿಯಲ್ಲಿ ಆ ಕಡತಕ್ಕೆ ‘ಚೀಟಿ’ ಎಂದೇ ಹೆಸರಾಯಿತು.

ಇನ್ನೊಮ್ಮೆ ನಾನೇ ಎರಡು ಕಾಲಂ ಅದಲು ಬದಲು ಮಾಡಿ, ಉತ್ತರದ ಹದಿನಾರನ್ನು ಪೂರ್ವಕ್ಕೂ ಪೂರ್ವದ ಎಪ್ಪತ್ತೈದನ್ನು ಉತ್ತರಕ್ಕೂ ಹಾಕಿದೆ. ಬೀಳಗಿ ತಾಲೂಕಿನ ಕಲ್ಲುಗಳೆಲ್ಲ ಉತ್ತರ ಧ್ರುವದ ಕಡೆಯ ಹಿಮದ ಸಮುದ್ರದಲ್ಲಿ ಬಿದ್ದವು. ಕಾಕಾ ಕನ್ನಡಕ ಏರಿಸಿ ನೋಡಿ, “ಅಲ್ಲಿ ಬಿಳಿಜೋಳ ಬರತಾವೇನು ಕೇಳು” ಅಂದರು. ಇಡೀ ವಾರ ಅದನ್ನೇ ಹೇಳಿ ಕಾಡಿಸಿದರು.

ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವುದು ಹೇಗೆ ಎಂಬುದನ್ನು ಮಾತ್ರ ಅವರಿಗೆ ನಾನು ಹೇಳಿಕೊಟ್ಟೆ. ಮನೆಯಿಂದ ಒಂದು ಚೌಕಡಿ ಸೀರೆ ತಂದು ಕಚೇರಿಯ ಕೊಡದ ಮೇಲೆ ಹಾಸಿ ತೋರಿಸಿದೆ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ನಿರಿಗೆ ಬೀಳುತ್ತಿತ್ತು. ಅದಕ್ಕೇ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಒಂದೊಂದನ್ನೇ ಹಾಸುತ್ತಾರೆ, ನಮ್ಮದು ನಲವತ್ತಮೂರನೆಯ ಪಟ್ಟಿ ಎಂದೆ. ಅವರು ಕೊಡದ ಸುತ್ತ ಒಂದು ಸುತ್ತು ಬಂದು, “ನಲವತ್ತು ವರ್ಸ ಅಳದೇನಿ, ಇದನ್ನ ಯಾರೂ ಹೇಳಿದ್ದಿಲ್ಲ ತಂಗಿ” ಅಂದರು. ಆ ಸಂತೋಷವನ್ನು ಅವರು ಮುಚ್ಚಿಡಲಿಲ್ಲ. ಸಂಜೆ ಕಾಕುಗೆ ಫೋನ್ ಮಾಡಿ ಹೇಳಿದರಂತೆ.

ಇಷ್ಟೆಲ್ಲ ಕಲಿತ ಮೇಲೂ ಆ ತಪ್ಪು ಮಾಡಿದವಳು ನಾನೇ.

ಬೀಳಗಿಯಿಂದ ಆಚೆ, ಆಣೆಕಟ್ಟಿನ ಹಿನ್ನೀರಿನ ದಂಡೆಯ ಒಂದು ಹಳ್ಳಿಯ ಕೆಲಸ ನಮಗೆ ಬಂದಿತ್ತು. ನೀರು ಏರಿದರೆ ಎಲ್ಲಿಯವರೆಗೆ ಬರುತ್ತದೆ ಎಂಬ ಗೆರೆಯನ್ನು ನೀರಾವರಿ ಕಚೇರಿಯವರು ನಮಗೆ ಕೊಟ್ಟಿದ್ದರು. ಹಳ್ಳಿಯ ಹೊಲಗಳ ನಕಾಶೆಯನ್ನು ಅದರ ಮೇಲೆ ಇಟ್ಟು, ಯಾರ ಹೊಲ, ಯಾರ ಬಾವಿ ಒಳಗೆ ಬೀಳುತ್ತದೆ ಎಂದು ಯಾದಿ, ಅಂದರೆ ಪಟ್ಟಿ, ಮಾಡಬೇಕು. ಗೆರೆ ಹೊಸ ಲೆಕ್ಕದ್ದು. ಹೊಲಗಳ ಕಡತ ಹಳೆಯ ಲೆಕ್ಕದ್ದು, ಆದರೆ ಚೀಟಿ ಇಲ್ಲದೆ ಬಂದಿತ್ತು. ಬೇರೆಯವರನ್ನು ಇದೇ ವಿಷಯಕ್ಕೆ ಆಡಿಕೊಂಡವಳಿಗೆ ಫೋನ್ ಮಾಡಿ ಕೇಳಲು ಸೊಕ್ಕು ಬಿಡಲಿಲ್ಲ. ಕಂಪ್ಯೂಟರು ‘ಇದು ಯಾವ ಲೆಕ್ಕ?’ ಎಂದು ಕೇಳಿದಾಗ ಹೊಸ ಲೆಕ್ಕದ ಹೆಸರನ್ನು ಒತ್ತಿ ಮುಂದೆ ಹೋದೆ. ಕಾಕಾ ತಾವೇ ಅಳೆದು ತಂದ ಕಲ್ಲುಗಳ ಅಂಕಿಗಳನ್ನು ಅದರ ಮೇಲೆ ಇಟ್ಟು ತಾಳೆ ನೋಡಬೇಕಿತ್ತು. ‘ನಾಳೆ ನೋಡಿದರಾಯಿತು’ ಎಂದೆ. ಕರಡು ಯಾದಿ ನೀರಾವರಿ ಕಚೇರಿಗೆ ಹೋಯಿತು, ಅವರು ಅದನ್ನು ಹಳ್ಳಿಯಲ್ಲಿ ಜನರ ಮುಂದೆ ಓದಿದರು.

ಹದಿನೈದು ದಿನದ ಮೇಲೆ ಕಾಕಾ ಮಾಳಿಗೆ ಮೆಟ್ಟಿಲನ್ನು ಅವಸರದಲ್ಲಿ ಏರಿ ಬಂದರು. “ತಂಗಿ, ನಮ್ಮ ಯಾದಿಯಾಗ ಮಾಳವ್ವನ ಬಾವಿ ನೀರಾಗ ಬಿದ್ದೈತೇನು?”

ಮಾಳವ್ವ ಕುರಿ ಸಾಕಿಕೊಂಡು ಹೊಲ ಮಾಡುವ ಮನೆಯ ಹೆಂಗಸು, ಗಂಡ ತೀರಿಕೊಂಡಿದ್ದ. ಅವನೂ ಅವಳೂ ಎರಡು ಬೇಸಿಗೆ ಸೇರಿ ತೋಡಿದ ಬಾವಿ ಅದು. ಅಳತೆಯ ದಿನ ಕಾಕಾ ಕಲ್ಲು ತೊಳೆಯಲು ನೀರು ಕೇಳಿದ್ದು ಅವಳನ್ನೇ. ಯಾದಿಯಲ್ಲಿ ಹೆಸರು ಕೇಳಿದ ಮೇಲೆ ಅವಳು ಕಾಕಾ ಇದ್ದಲ್ಲಿಗೆ ಫೋನ್ ಮಾಡಿಸಿ ಒಂದೇ ಮಾತು ಕೇಳಿದ್ದಳು: ‘ಸಾಹೇಬ್ರ, ಬಾವಿ ಬಿಟ್ಟು ಯಾವಾಗ ಹೋಗಬೇಕ್ರಿ?’

“ಆ ಕಲ್ಲು ಎತ್ತರದಾಗ ಐತಿ. ನನ್ನ ಕಾಲು ಹೇಳತಾವ, ಅಲ್ಲಿಗಿ ನೀರು ಬರೂದಿಲ್ಲ” ಎನ್ನುತ್ತ ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ನಾನು ನಕಾಶೆ ತೆರೆದೆ. ಬಾವಿ ಗೆರೆಯ ಒಳಗಿತ್ತು.

“ಹೊಲದ ಅಂಕಿ ಯಾವುದರ ಲೆಕ್ಕದಾಗ ಅದಾವು?”

“ಹೊಸಾದ್ರಾಗ್ರಿ.”

“ಬಂದಾಗ?”

ನಾನು ಬಂದ ಕಡತಗಳನ್ನು ತೆರೆದು ತೋರಿಸಿದೆ, ಚೀಟಿ ಇರಲಿಲ್ಲ.

“ಹೆಸರು ಬದಲಿ ಮಾಡಿದ್ಯೋ, ಅಂಕಿ ಬದಲಿ ಮಾಡಿದ್ಯೋ?”

ಹಳೆಯ ಲೆಕ್ಕದಿಂದ ಹೊಸ ಲೆಕ್ಕಕ್ಕೆ ಅಂಕಿಗಳನ್ನು ಪರಿವರ್ತಿಸುವುದು ಒಂದು ಕೆಲಸ. ಹಳೆಯ ಅಂಕಿಗೆ ಹೊಸ ಹೆಸರು ಅಂಟಿಸುವುದು ಇನ್ನೊಂದು. ನಾನು ಮಾಡಿದ್ದು ಎರಡನೆಯದು. ಕಾಕಾನ ಕಲ್ಲುಗಳ ಅಂಕಿಗಳನ್ನು ಈಗ ಮೇಲೆ ಇಟ್ಟೆ. ಎಂಟು ಕಲ್ಲುಗಳೂ ನಕಾಶೆಯ ಮೂಲೆಗಳಿಂದ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ದೂರ ಬಿದ್ದಿದ್ದವು. ನಾನು ಇಡೀ ಊರನ್ನು ಎತ್ತಿ ಪಕ್ಕಕ್ಕೆ ಸರಿಸಿದ್ದೆ, ಒಂದು ಬದಿಯವರು ನೀರಿನೊಳಗೆ, ಇನ್ನೊಂದು ಬದಿಯವರು ಹೊರಗೆ ಬಿದ್ದಿದ್ದರು. ಕಾಕಾ ಬೈಯಲಿಲ್ಲ, ಸುಲಿಯಲೆಂದು ಕೈಗೆ ತೆಗೆದಿದ್ದ ಶೇಂಗಾವನ್ನು ಚೀಲದಲ್ಲಿ ವಾಪಸು ಹಾಕಿದರು.

ನಮ್ಮ ಮಾಲಕರು ಕೆಟ್ಟವರಲ್ಲ, ಆದರೆ ಹೆದರಿದರು. “ಈಗ ಸರಿ ಮಾಡಿ ಇಟ್ಟುಬಿಡ್ರಿ. ಮುಂದಿನ ಯಾದಿಯಾಗ ತಾನ ಸರಿ ಆಗತೈತಿ. ಊರಾಗ ಹೋಗಿ ಡಂಗುರ ಹೊಡಿಯೂದು ಏನೈತ್ರಿ?”

ಕಾಕಾ ಮೆಲ್ಲಗೆ ಹೇಳಿದರು: “ಹಂಗಲ್ಲರಿ. ಆಕಿ ಬಾವಿ ಪಂಪ್ ಬಿಚ್ಚಿಟ್ಟಾಳಂತ. ಮುಂದಿನ ಯಾದಿ ಬರೂತನಾ ಇನ್ನೇನೇನು ಬಿಚ್ಚಬೇಕು ಆಕಿ?” ಸರಿಮಾಡಿದ ಯಾದಿಯನ್ನು ತಪ್ಪಿನ ಒಪ್ಪಿಗೆಯ ಪತ್ರದ ಜೊತೆ ಅಂದೇ ಕಳಿಸಬೇಕು, ಹಳ್ಳಿಗೆ ನಾಳೆಯೇ ಹೋಗಬೇಕು ಎಂದರು. ಮಾಲಕರು ಪತ್ರಕ್ಕೆ ಸಹಿ ಮಾಡಿದರು.

ಬೀಳಗಿಯ ಬಸ್ಸಿನಲ್ಲಿ ನಾನು ಕಾಕಾನ ಕಾಲು ಹಿಡಿಯುವುದೊಂದು ಬಾಕಿ. “ನೀವ ಹೇಳ್ರಿ ಕಾಕಾ. ನಿಮ್ಮ ಮಾತಂದ್ರ ಅವರು ಸುಮ್ನ ಕೇಳ್ತಾರ.”

“ಗೆರಿ ನಂದಲ್ಲ ತಂಗಿ, ನಿಂದು. ನಿನ್ನ ಬಾಯಿಲೇನ ಬರಬೇಕು.” ಆಮೇಲೆ ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿ, “ನಾ ಹಿಂದ ನಿಂತಿರತೇನಿ” ಅಂದರು.

ಹೊಲ ಮುಟ್ಟಿದಾಗ ಮಾಳವ್ವ ಕುರಿದೊಡ್ಡಿಯ ಮುಳ್ಳಿನ ಬೇಲಿ ಕಿತ್ತು ಹಾಕುತ್ತಿದ್ದಳು. ಬಾವಿಯ ಪಕ್ಕದಲ್ಲಿ ಹೋದ ಸಲ ನಾವು ನೆರಳಿಗೆ ಕೂತಿದ್ದ ಬೇವಿನ ಮರ ಇರಲಿಲ್ಲ. ಹಸಿ ಬೊಡ್ಡೆಯಷ್ಟೇ ಉಳಿದಿತ್ತು. ಕಾಕಾ ಅದನ್ನು ನೋಡಿದರು, ನಾನೂ ನೋಡಿದೆ. ಅವರು ಎಂದಿನಂತೆ, “ಮಾಳವ್ವಾ, ಒಂದ ತಂಬಿಗಿ ನೀರು ಕೊಡವ್ವಾ” ಎಂದರು. ಕಲ್ಲು ತೊಳೆದರು. ಯಂತ್ರ ಇಟ್ಟರು. ಅಂಕಿ ಓದಿದರು. ಸರಿಮಾಡಿದ ನಕಾಶೆಯಲ್ಲಿ ಚುಕ್ಕೆ ನೇರ ಹೊಲದ ಮೂಲೆಗೇ ಬಂದು ಕೂತಿತು. ಆಮೇಲೆ ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಹೇಳಿದೆ. ಬನಹಟ್ಟಿಯ ನನ್ನ ಗಟ್ಟಿ ಗಂಟಲು ಆ ದಿನ ಎಲ್ಲಿ ಹೋಗಿತ್ತೋ. “ಯವ್ವಾ, ನಿಮ್ಮ ಬಾವಿ ಮುಳುಗೂದಿಲ್ರಿ. ನಾನ ತಪ್ಪು ಮಾಡಿದ್ದೆ. ಅವಸರ ಮಾಡಿ ನೋಡದ ಕಳಿಸಿದ್ದೆ.”

ಅವಳು ಕೈಯಲ್ಲಿದ್ದ ಮುಳ್ಳಿನ ಟೊಂಗೆ ಕೆಳಗಿಟ್ಟಳು. “ಬಾವಿ ಉಳಿತು?”

“ಉಳಿತ್ರಿ.”

ಬೊಡ್ಡೆಯ ಕಡೆ ನೋಡಿದಳು. “ಗಿಡ ಹೋತಲ್ಲ ತಂಗಿ. ಹೆಂಗೂ ನೀರಾಗ ಹೋಗತೈತಿ ಅಂತ ಕಡಿಸಿದೆ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಳು. ನಾನು ಲೋಟ ಕೈಯಲ್ಲೇ ಹಿಡಿದುಕೊಂಡಿದ್ದೆ. ಕಾಕಾ ತಮ್ಮ ಲೋಟ ಖಾಲಿ ಮಾಡಿ, ನನ್ನ ಕಡೆ ಕಣ್ಣು ಮಾಡಿ, ‘ಕುಡಿ’ ಎಂದು ಸನ್ನೆ ಮಾಡಿದರು. ಕುಡಿದೆ.

ಮೂರು ದಿನ ಹಾಗೆ ಮನೆ ಮನೆಗೆ ಹೋದೆವು. ಯಾದಿಯಿಂದ ಹೊರಗೆ ಬಂದವರ ಮನೆಗೂ, ಹೊಸದಾಗಿ ಒಳಗೆ ಹೋದವರ ಮನೆಗೂ. ಒಬ್ಬ ನನ್ನನ್ನು ನಿಲ್ಲಿಸಿ ಬಾಯಿಗೆ ಬಂದಂತೆ ಬೈದ. ಕಾಕಾ ಅಡ್ಡ ಬರಲಿಲ್ಲ. ಬಿಸಿಲಿತ್ತು, ಹಿಂದಿನಿಂದ ನನ್ನ ತಲೆಯ ಮೇಲೆ ಕೊಡೆ ಹಿಡಿದುಕೊಂಡು ನಿಂತಿದ್ದರು. ಬೈಗುಳ ಮುಗಿಯುವವರೆಗೂ ಅವರ ಕೈ ಇಳಿಯಲಿಲ್ಲ. ಆ ಕೊಡೆಯ ನೆರಳನ್ನು ನೆನೆದರೆ ಈಗಲೂ ನನಗೆ ಅಳು ಬರುತ್ತದೆ.

ಮರುವರ್ಷ ಮಳೆ ಹಿಡಿದಾಗ ಕಾಕಾ ಒಂದು ಬೇವಿನ ಸಸಿ ತಂದರು, ಮುಧೋಳದ ತಮ್ಮ ಹಿತ್ತಲಿನದು. ಬೀಳಗಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಕಂಡಕ್ಟರು, “ಅಜ್ಜಾರ, ಈ ಕೂಸಿಗೆ ಅರ್ಧ ಟಿಕೆಟ್ ಕೊಡಲೇನ್ರಿ?” ಎಂದು ನಗಿಸಿದ. ಮಾಳವ್ವನ ಬಾವಿಯ ಪಕ್ಕ ಕುಣಿ ತೋಡಿದವಳು ನಾನು, ಸಸಿ ಇಟ್ಟವಳು ಅವಳು. ಕಾಕಾ ಮಾತ್ರ ಯಂತ್ರ ಹಿಡಿದು ಸಸಿಯ ಅಂಕಿ ಓದಿ, ಬರೆದುಕೋ ಎಂದರು. ನಾನು ಮೊದಲು ಮೇಲೆ ಲೆಕ್ಕದ ಹೆಸರು ಬರೆದೆ, ಆಮೇಲೆ ಅಂಕಿ. ಅವರು ಬಗ್ಗಿ ನೋಡಿದರು, ಏನೂ ಕೇಳಲಿಲ್ಲ. ಅಂಕಿ ಬರೆದವಳನ್ನು ಅವರು ‘ಯಾವುದರ ಲೆಕ್ಕದಾಗ’ ಎಂದು ಕೇಳದೆ ಬಿಟ್ಟದ್ದು ನನಗೆ ತಿಳಿದಂತೆ ಅದೊಂದೇ ಸಲ.

ಅವರನ್ನು ಮಣ್ಣು ಮಾಡಿದ್ದು ಅವರದೇ ಹೊಲದಲ್ಲಿ. ವಿಭೂತಿ, ಬಿಲ್ವಪತ್ರೆ ಹಾಕಿ, ಬಂದವರೆಲ್ಲ ಹಿಡಿ ಹಿಡಿ ಮಣ್ಣು ಹಾಕಿದ ಮೇಲೆ, ಗುರುತಿಗೆಂದು ಅಲ್ಲಿ ಒಂದು ಕಲ್ಲು ನಿಲ್ಲಿಸಿದರು. ಬದುವಿನಿಂದ ಕಿತ್ತು ತಂದ ಒರಟು ಕಲ್ಲು, ಮೈತುಂಬ ಮಣ್ಣು. ಜನ ಚದುರತೊಡಗಿದ್ದರು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಒಬ್ಬ ಹೆಂಗಸು ಕೈಯಲ್ಲಿ ಹಾಲಿನ ಸ್ಟೀಲ್ ಕ್ಯಾನು ಹಿಡಿದು, ಕಬ್ಬಿನ ಸಾಲಿನ ಬದುವಿನ ಮೇಲೆ ಸರಸರ ಬರುವುದು ಕಾಣಿಸಿತು. ಮಾಳವ್ವ. ಬೆಳಿಗ್ಗೆ ಹೇಗೋ ಸುದ್ದಿ ತಿಳಿದು, ಬೀಳಗಿಯಿಂದ ಲೋಕಾಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಬಂದಿದ್ದಳು.

ಯಾರನ್ನೂ ಕೇಳದೆ ನೆಟ್ಟಗೆ ಕಲ್ಲಿನ ಹತ್ತಿರ ಬಂದಳು. ಕುಕ್ಕರಗಾಲಿನಲ್ಲಿ ಕೂತು ಕ್ಯಾನಿನ ಮುಚ್ಚಳ ತೆಗೆದಳು. ಯಾರೋ ಹಿರಿಯರು “ಏನವ್ವಾ ಅದು?” ಎಂದರು. ಕಾಕು ಸೆರಗಿನಿಂದ ಬಾಯಿ ಒತ್ತಿಕೊಂಡು, ಅವಳನ್ನು ತಡೆಯಬೇಡಿ ಎಂದು ಕೈ ಮಾಡಿದರು.

“ನಮ್ಮ ಬಾವಿ ನೀರು” ಅಂದಳು ಮಾಳವ್ವ. ಕಲ್ಲಿನ ತಲೆಯ ಮೇಲೆ ಸುರಿದು, ಅಂಗೈಯಿಂದ ಉಜ್ಜಿ, ಮಣ್ಣು ತೊಳೆದಳು. ಆಮೇಲೆ ನನ್ನ ಕಡೆ ತಿರುಗಿದಳು. “ಹೊಲಕ್ಕ ಬಂದು ನೀರು ಕೇಳದ ಇದ್ದದ್ದು ಇವತ್ತ ಒಂದ ದಿನ ನೋಡು ತಂಗಿ, ಸಾಹೇಬ್ರು.”

ಕ್ಯಾನಿನಲ್ಲಿ ಅರ್ಧ ನೀರು ಉಳಿದಿತ್ತು. ಅದನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಾನು ಅವಳ ಪಕ್ಕ ಕೂತು, ಉಳಿದ ನೀರು ಹಾಕಿ, ಕಲ್ಲನ್ನು ಪೂರ್ತಿ ತೊಳೆದೆ.